ಕೌದಿಯ ನಾಲ್ಕನೇ ಮೂಲೆ

ರೊಟ್ಟಿ ಅಕ್ಕನ ತುರುಬಿನಲ್ಲಿ ಹೂವಿನ ಜೊತೆ ಯಾವಾಗಲೂ ಒಂದು ಸೂಜಿ ಇರುತ್ತಿತ್ತು. ಅದರ ಕಣ್ಣಿನಿಂದ ಇಳಿಬಿದ್ದ ಕೆಂಪು ದಾರ ಅವರ ಕತ್ತಿನ ಮೇಲೆ ಆಡುತ್ತಿತ್ತು. ಮೊದಲ ಸಲ ನೋಡಿದಾಗ ಗಾಬರಿಯಿಂದ, "ಅಕ್ಕಾ, ಚುಚ್ಚುತ್ತೆ" ಎಂದಿದ್ದೆ.

"ಇಷ್ಟು ವರ್ಷ ಚುಚ್ಚಿಲ್ಲ ತಂಗಿ. ಇವತ್ತ ನಿನ್ನ ಮಾತ ಕೇಳಿ ಚುಚ್ಚೀತು, ಸುಮ್ನಿರು."

ಬಿಟಿಎಂ ಲೇಔಟಿನ ನಮ್ಮ ಬೀದಿಯಲ್ಲಿ, ಎದುರು ಮನೆಯ ಮಹಡಿಯಲ್ಲಿ ಅವರು ಬಾಡಿಗೆಗಿದ್ದರು. ಕಲಬುರಗಿ ಕಡೆಯವರು. ಮಗಳು ಮಡಿವಾಳದ ಹತ್ತಿರ ಒಂದು ಆಫೀಸಿಗೆ ಹೋಗುತ್ತಿದ್ದಳು, ಇವರು ಜೋಳದ ರೊಟ್ಟಿ ತಟ್ಟಿ ಮಾರುತ್ತಿದ್ದರು. ಕೊಡುವ ಮುಂಚೆ ಅಟ್ಟಿಯ ಮೇಲಿನ ರೊಟ್ಟಿಯನ್ನು ತಾವೇ ತೆಗೆದಿಟ್ಟುಕೊಳ್ಳುತ್ತಿದ್ದರು. "ಮ್ಯಾಲಿಂದು ಆರಿರ್ತದ, ಅದು ನನಗ."

ಆ ವರ್ಷ ಉತ್ತರದ ಬೆಟ್ಟದ ಸೀಮೆಯಲ್ಲಿ ದೊಡ್ಡ ಭೂಕಂಪವಾಯಿತು. ಟಿವಿಯಲ್ಲಿ ಕುಸಿದ ಮನೆಗಳನ್ನು ನೋಡಿ ನಮ್ಮ ಬೀದಿಯ ಹೆಂಗಸರೆಲ್ಲ ಬಟ್ಟೆ ಕೂಡಿಸಿದೆವು. ನಮ್ಮ ವರಾಂಡ ತುಂಬಿಹೋಯಿತು. ಅದರಲ್ಲಿ ಜರಿ ಸೀರೆಗಳಿದ್ದವು, ಹೈ ಹೀಲ್ಸ್ ಇತ್ತು, ನಾನೇ ತಂದು ಹಾಕಿದ್ದ ನನ್ನ ಮಗಳ ಬರ್ತ್‌ಡೇ ಫ್ರಾಕೂ ಇತ್ತು. ಪರಿಹಾರದ ಲಾರಿ ಹೊಂದಿಸುತ್ತಿದ್ದ ತಂಡದವರು ಬಂದು ನೋಡಿ, "ಮೇಡಂ, ಹಳೇ ಬಟ್ಟೆ ಅಲ್ಲಿ ರಾಶಿ ಬಿದ್ದಿದೆಯಂತೆ. ಹೊದಿಯೋಕೆ ಏನಾದ್ರೂ ಇದ್ರೆ ಕೊಡಿ. ಭಾನುವಾರ ಬೆಳಗ್ಗೆ ಲಾರಿ ಹೊರಡುತ್ತೆ" ಎಂದು ಹೋದರು.

ನನ್ನ ಮುಖ ಸಪ್ಪಗಾಯಿತು. ರೊಟ್ಟಿ ಅಕ್ಕ ರಾಶಿಯ ಮುಂದೆ ಕೂತು ಆ ಚಪ್ಪಲಿಯನ್ನು ಎತ್ತಿ ಹಿಡಿದರು. "ಇದನ್ನ ಹಾಕ್ಕೊಂಡು ಗುಡ್ಡ ಹತ್ತಬೇಕೇನು ಅವರು? ನಮ್ಮೂರಾಗ ಭೂಮಿ ನಡುಗಿದಾಗ ನನಗೊಂದು ಕೋಟು ಬಂದಿತ್ತು, ಗುಂಡಿ ಒಂದೂ ಇರ್ಲಿಲ್ಲ. ಸೀರಿ ಮ್ಯಾಲ ಹಾಕ್ಕೊಂಡು ವಕೀಲರಂಗ ಓಡಾಡೀನಿ."

ನಾವೆಲ್ಲ ನಗುತ್ತಿರುವಾಗಲೇ ಅವರು ಹತ್ತಿ ಸೀರೆಗಳನ್ನು ಬೇರೆ ಮಾಡತೊಡಗಿದ್ದರು. "ಆರು ದಿನ ಅವ. ಕೌದಿ ಹೊಲಿಯೋಣು."

ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ಚೂರು ಜೋಡಿಸಿ, ಕೈಯಲ್ಲೇ ಹೊಲಿಯುವ ದಪ್ಪ ಹೊದಿಕೆಯೇ ಕೌದಿ. ದಿನಾ ಮಧ್ಯಾಹ್ನ ಊಟ ಮುಗಿಸಿ ಏಳೆಂಟು ಮಂದಿ ಅವರ ಮಹಡಿಯಲ್ಲಿ ಸೇರಿದೆವು. ನನ್ನ ಕಾನ್ವೆಂಟಿನ ಸಿಸ್ಟರ್ ಬಟ್ಟೆ ತಿರುಗಿಸಿ ಹಿಂಬದಿಯ ಹೊಲಿಗೆಗೂ ಮಾರ್ಕ್ಸ್ ಕೊಡುತ್ತಿದ್ದರು. ಆ ಅಭ್ಯಾಸದಲ್ಲಿ ನಾನು ಎಳ್ಳಿನಷ್ಟು ಸಣ್ಣ ಹೊಲಿಗೆ ಹಾಕುತ್ತಾ ಕೂತೆ.

"ಭಾಳ ಛಂದ ಅದ ತಂಗಿ" ಎಂದರು ಅಕ್ಕ. "ನೀ ಇದನ್ನ ಮುಗಸೂದ್ರಾಗ ಅವರು ಹೊಸಾ ಮನಿ ಕಟ್ಟಿ ಗೃಹಪ್ರವೇಶ ಮಾಡಿರ್ತಾರ."

ಅವರದೊಂದು ಪದ್ಧತಿಯಿತ್ತು. ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಒಂದು ಚಿಟಿಕೆ ಜೋಳ ಹಾಕಬೇಕು. "ಕೌದಿ ಹಸಿದಿರಬಾರ್ದು. ಹೊಟ್ಟಿ ತುಂಬಿದ ಕೌದಿ ಹೊದ್ರ ನಿದ್ದಿ ಬರ್ತದ." ನಾನು ತಲೆಯಾಡಿಸಿದೆ. ಆದರೆ ಕಾಳಿಗೆ ಹುಳ ಬೀಳುತ್ತೆ ಎಂದು ಮನಸ್ಸು ಒಪ್ಪಲಿಲ್ಲ. ನಾನು ಮುಚ್ಚಿದ ಮೂರು ಕೌದಿಗಳಿಗೆ ಕಾಳು ಹಾಕಲಿಲ್ಲ, ಹೇಳಲೂ ಇಲ್ಲ.

ಭಾನುವಾರ ಬೀದಿಯ ತಿರುವಿನಲ್ಲಿ ಲಾರಿ ನಿಂತಿತ್ತು. ಒಂಬತ್ತು ಕೌದಿಗಳು. ಅಕ್ಕ ಒಂದೊಂದರ ಮೂಲೆಯನ್ನೂ ಹಿಚುಕಿ ನೋಡಿಯೇ ಮೇಲೆ ಕೊಡುತ್ತಿದ್ದರು. "ಇದು ಉಂಡದ. ಇದೂ ಉಂಡದ." ಆಮೇಲೆ ಕೈ ನಿಂತಿತು. ಮೂರನ್ನು ಪಕ್ಕಕ್ಕಿಟ್ಟರು. ಯಾರದೆಂದು ಕೇಳಲಿಲ್ಲ, ಹೊಲಿಗೆಯೇ ಹೇಳುತ್ತಿತ್ತು.

"ಹುಳ ಬೀಳುತ್ತೆ ಅಂತ ಬಿಟ್ಟೆ ಅಕ್ಕಾ" ಎಂದೆ. "ಅಲ್ಲಿಯವರಿಗೆ ಈ ಪದ್ಧತಿ ಗೊತ್ತೂ ಇರಲ್ವಲ್ಲ."

"ಅವರಿಗೆ ಗೊತ್ತಿರ್ಲಿಕ್ಕಿಲ್ಲ. ನಮಗ ಗೊತ್ತದಲ್ಲ."

ಡ್ರೈವರ್ ಹಾರ್ನ್ ಹೊಡೆದರು. "ಅಮ್ಮಾ, ಬೇಗ ಕೊಡಿ. ಸಿಲ್ಕ್ ಬೋರ್ಡ್ ಜಾಮ್ ಆಗೋಕೆ ಮುಂಚೆ ದಾಟ್ಬೇಕು."

ಅಕ್ಕ ಅವರ ಕಡೆ ನೋಡಲಿಲ್ಲ. "ಆ ಕೋಟಿನ ಜೋಡಿ ನನಗೊಂದು ಕೌದಿನೂ ಬಂದಿತ್ತು ತಂಗಿ. ತಗಡಿನ ಶೆಡ್ಡಿನಾಗ ಕೂತು ಮೂಲಿ ಮುಟ್ಟಿ ನೋಡ್ದೆ. ಕಾಳು ಸಿಕ್ವು. ಯಾರೋ ಏನೋ, ನನ್ನ ಮುಖಾನೂ ನೋಡಿಲ್ಲ, ತನ್ನ ಮಗಳಿಗೆ ಹೊಲದಂಗ ಹೊಲದಾಳ. ಕೋಟು ಕೊಟ್ಟಾಕಿ ಬರೇ ಕಪಾಟು ಖಾಲಿ ಮಾಡ್ಕೊಂಡಿದ್ಲು. ಎಲ್ಲಾ ಹೋದ ಮ್ಯಾಲ ಅವತ್ತ ಮೊದಲ ಸಲ ನಾ ಹೊಟ್ಟಿ ತುಂಬ ಉಂಡೆ."

ಅವರು ತುರುಬಿನ ಸೂಜಿ ತೆಗೆದು ನನ್ನ ಕೈಗಿತ್ತರು, ಮೂಲೆಯ ದಾರವನ್ನು ಹಲ್ಲಿನಿಂದ ಕಡಿದು ಬಿಚ್ಚಿದರು, ಸೆರಗಿನ ಗಂಟಿನಿಂದ ಜೋಳ ಸುರಿದರು. ಫುಟ್‌ಪಾತಿನ ಮೇಲೆ ಕೂತು ಹೊಲಿದೆ. ಸಿಸ್ಟರ್ ನೋಡಿದ್ದರೆ ಸೊನ್ನೆ ಕೊಡುತ್ತಿದ್ದರು, ಅಷ್ಟು ದೊಡ್ಡ ಹೊಲಿಗೆ. ಲಾರಿಯ ಎಂಜಿನ್ ನಿಂತಿತು. ನರೆ ಮೀಸೆಯ ಡ್ರೈವರ್ ಇಳಿದು ಬಂದು ಸ್ವಲ್ಪ ಹೊತ್ತು ನೋಡಿ, ಅಂಗೈ ಒಡ್ಡಿದರು.

"ಒಂದಕ್ಕೆ ನಾನು ಹಾಕ್ಲಾಮ್ಮ?"

"ಹಾಕಪ್ಪ. ಒಯ್ಯಾವ ನೀನ ಅಲ್ಲೇನು?"

ಮರುವರ್ಷ ಅಕ್ಕನ ಮಗಳಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಹೊರಡುವ ದಿನ ಅಕ್ಕ ನನಗೊಂದು ಕೌದಿ ತಂದುಕೊಟ್ಟರು. ನಟ್ಟನಡುವೆ ನನ್ನ ಮಗಳ ಆ ಬರ್ತ್‌ಡೇ ಫ್ರಾಕಿನ ಗುಲಾಬಿ ಚೂರು. ಮೂರು ಮೂಲೆ ಮುಚ್ಚಿತ್ತು. ನಾಲ್ಕನೆಯದು ತೆರೆದೇ ಇತ್ತು, ಅಲ್ಲಿ ಕೆಂಪು ದಾರದ ಸೂಜಿ ಚುಚ್ಚಿಟ್ಟಿದ್ದರು.

"ಇದರ ಹೊಟ್ಟಿ ನೀನ ತುಂಬು."

ಒಳಗೆ ಹೋಗಿ ಡಬ್ಬಗಳನ್ನೆಲ್ಲ ತೆರೆದೆ. ನಮ್ಮ ಮನೆಯಲ್ಲಿ ಜೋಳವೆಲ್ಲಿ? ಒಂದು ಚಿಟಿಕೆ ರಾಗಿ ಹಾಕಿ ಹೊಲಿದೆ. ಇವತ್ತಿಗೂ ಹೊದ್ದುಕೊಳ್ಳುವ ಮುಂಚೆ ಆ ಮೂಲೆಯನ್ನು ಹಿಚುಕಿ ನೋಡುತ್ತೇನೆ. ಒಂದು ಹುಳವೂ ಬಿದ್ದಿಲ್ಲ.