ಕಂಬಳಿಕೊಪ್ಪೆಯೊಳಗಿನ ಕೆಂಪು ಸ್ವೆಟರ್

ಆಗೆಲ್ಲ ನಮ್ಮ ತಾಳ್ಯದ ಕಡೆ ಹಲ್ಲು ಕಟಕಟಿಸುವ ಚಳಿ ಬಿದ್ದರೆ, ಹಿಂದೆಯೇ ಕೆರೆಗೆ ದೂರದೇಶದ ಹಕ್ಕಿಗಳು ಬಂದಿಳಿಯುತ್ತಿದ್ದವು. ಆ ವರ್ಷ ಒಂದು ವಾರ ಕಾಡಿದ ಚಳಿ ಸ್ವಲ್ಪ ಸಡಿಲಿದ ದಿನ ಹೆಬ್ಬಾತುಗಳು ಬಂದ ಸುದ್ದಿ ಸಿಕ್ಕಿತು. ಅವುಗಳ ಬಿಳಿ ತಲೆಯ ಮೇಲೆ ಎರಡು ಕರಿ ಪಟ್ಟೆ ಇರುತ್ತವೆಂದು ಮೇಷ್ಟ್ರಾಗಿದ್ದ ನಮ್ಮ ದೊಡ್ಡಪ್ಪ ವರ್ಷಗಟ್ಟಲೆ ಪಾಠ ಮಾಡಿದ್ದರು. ಆ ಪಟ್ಟೆಗಳನ್ನು ಕಣ್ಣಾರೆ ಕಂಡಿರಲಿಲ್ಲ. ಈಗ ಅವರ ಕಣ್ಣೇ ಮಂಜಾಗುತ್ತಿತ್ತು. ಮುಂದಿನ ಚಳಿಗಾಲದ ಹೊತ್ತಿಗೆ ದೃಷ್ಟಿ ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಹತ್ತು ಮಾರು ಹತ್ತಿರ ಹೋದರಷ್ಟೇ ಅವರಿಗೆ ಪಟ್ಟೆ ಕಾಣುವುದು. ಆ ಹಕ್ಕಿಗಳೋ ಮನುಷ್ಯರನ್ನು ಕಂಡರೆ ಆಚೆ ದಡದಿಂದಲೇ ಹಾರುತ್ತಿದ್ದವು.

ದಾರಿ ತೋರಿಸಿದವನು ಕುರಿ ಕಾಯುವ ಈರಜ್ಜ. "ಕುರಿಗೆ ಅವು ಹೆದರಲ್ಲ ಮೇಷ್ಟ್ರೇ. ವರ್ಷವೆಲ್ಲ ಮಕ್ಕಳನ್ನ ಕುರಿ ಅಂತ ಬೈತೀರಲ್ಲ, ಒಂದಿನ ನೀವೂ ಕುರಿ ಆಗ್ರಿ" ಎಂದು ನಕ್ಕ. ದೊಡ್ಡಪ್ಪನಿಗೂ ಅವರ ಜೊತೆ ಹೊರಟಿದ್ದ ನನಗೂ ತಲೆ ಮುಚ್ಚುವಂತೆ ಕರಿ ಕಂಬಳಿಯ ಕೊಪ್ಪೆ ಹಾಕಿದ. ನನ್ನನ್ನು ನೋಡಿ, "ಏನವ್ವ, ಆ ಕೆಂಪು ಸ್ವೆಟರ್ ಬಿಚ್ಚಿಟ್ಟು ಬಾ. ಕೆಂಪು ಕಂಡ್ರೆ ಒಂದೂ ನಿಲ್ಲಲ್ಲ" ಎಂದ.

ಚಿಕ್ಕಮ್ಮ ಹೆಣೆದ ಹೊಸ ಸ್ವೆಟರ್ ಅದು. ಬಿಚ್ಚಿದೆ ಎಂದು ಸುಳ್ಳು ಹೇಳಿ ಕಂಬಳಿಯೊಳಗೆ ಮುಚ್ಚಿಕೊಂಡೆ.

ಮಂದೆಯ ನಡುವೆ ಬಾಗಿ, ಕುರಿ ಮೇದಷ್ಟೇ ಮುಂದೆ ಸರಿದೆವು. ಒದ್ದೆ ಉಣ್ಣೆಯ ವಾಸನೆ, ಕೆಸರು, ಹಿಕ್ಕೆ. ಸೀನು ಬಂದರೆ ಮೂಗು ಹಿಂಡಿಕೊಳ್ಳುತ್ತಿದ್ದೆ. ಹೆಬ್ಬಾತುಗಳ ಗೊಗ್ಗರು ದನಿ ತೀರ ಹತ್ತಿರ ಬಂತು. "ಇನ್ನ ನಾಕು ಹೆಜ್ಜೆ ಕಣವ್ವ" ಎಂದು ದೊಡ್ಡಪ್ಪ ಪಿಸುಗುಟ್ಟಿದರು.

ಆಗಲೇ ಜಾಲಿಮುಳ್ಳು ನನ್ನ ಕಂಬಳಿಯನ್ನು ಹಿಡಿದೆಳೆಯಿತು. ಕೊಪ್ಪೆ ಜಾರಿ ಕೆಂಪು ಸ್ವೆಟರ್ ಹೊರಗೆ ಕಂಡಿತು. ದೊಡ್ಡಪ್ಪ ಥಟ್ಟನೆ ನನ್ನ ಕಡೆ ತಿರುಗಿ, ತಮ್ಮ ಕಂಬಳಿಯನ್ನೇ ನನ್ನ ಮೇಲೆ ಹೊದಿಸಲು ಬಂದರು. ಅಷ್ಟರಲ್ಲಿ ಹೆಬ್ಬಾತುಗಳ ಇಡೀ ಹಿಂಡು ಸದ್ದು ಮಾಡುತ್ತ ಎದ್ದುಹೋಯಿತು. ಅವರು ತಲೆ ಎತ್ತಿದಾಗ ಬರಿ ನೀರು ಅಲುಗಾಡುತ್ತಿತ್ತು.

ಈರಜ್ಜ ಸ್ವೆಟರ್ ನೋಡಿದ, ನನ್ನ ಮುಖ ನೋಡಿದ. "ಹಾಳಾದ ಟಗರು ಗುಮ್ಮಿಬಿಡ್ತು" ಎಂದು ಸುಮ್ಮನಿದ್ದ ಟಗರಿಗೆ ಬೈದ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮನೆಯಲ್ಲಿ ದೊಡ್ಡಮ್ಮ ಬಿಸಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಡಿಸುತ್ತ ಕೇಳಿದರು: "ಕಂಡ್ವೇನ್ರಿ?"

"ಕಂಡ್ವು ಕಣೇ. ಎರಡು ಪಟ್ಟೆ, ಇದ್ದಿಲಲ್ಲಿ ಗೀಟು ಎಳ್ದಂಗೆ ಅವೆ" ಎಂದು ದೊಡ್ಡಪ್ಪ ತಮ್ಮ ರೊಟ್ಟಿ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದರು. ಹಕ್ಕಿ ಏಳುವ ಹೊತ್ತಿಗೆ ಅವರು ನೋಡುತ್ತಿದ್ದದ್ದು ನನ್ನನ್ನು. ತಪ್ಪಾಯಿತು ಎಂದು ನಾನು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಮುಂದಿನ ಚಳಿಗಾಲಕ್ಕೆ ಡಾಕ್ಟರ ಮಾತು ನಿಜವಾಗಿತ್ತು.

ಹೆಬ್ಬಾತುಗಳು ಈಗಲೂ ಬರುತ್ತವೆ, ಮೊದಲಿನಷ್ಟಲ್ಲ. ಒಳಗೆ ಸೇರಿಕೊಳ್ಳಲು ಆ ಮಂದೆಯಿಲ್ಲ, ನಮ್ಮ ತಪ್ಪನ್ನು ಟಗರಿನ ಮೇಲೆ ಹಾಕುವ ಈರಜ್ಜನಿಲ್ಲ. ನನ್ನ ಹತ್ತಿರ ಒಳ್ಳೆಯ ದುರ್ಬೀನು ಇದೆ, ಕೆರೆ ಏರಿಯ ಮೇಲೆ ಕುಳಿತೇ ಎರಡೂ ಪಟ್ಟೆ ಕಾಣುತ್ತವೆ. ಕಂಡೊಡನೆ, "ತಗಳ್ರಿ ದೊಡ್ಡಪ್ಪ, ನೋಡ್ರಿ" ಎಂದು ದುರ್ಬೀನನ್ನು ಯಾರೂ ಇಲ್ಲದ ಪಕ್ಕಕ್ಕೆ ಚಾಚುತ್ತೇನೆ.