'ನನ್ನ ವಟವಟ' ಎಂಬ ಫೋಲ್ಡರ್

ನನ್ನ ಗೆಳತಿಯನ್ನು ಆಸ್ಪತ್ರೆಯಲ್ಲಿ ಎಲ್ಲರೂ ರೇಡಿಯೊ ಎನ್ನುತ್ತಿದ್ದರು. ಆಫ್ ಮಾಡುವ ಗುಂಡಿ ಇಲ್ಲದ ರೇಡಿಯೊ ಎಂದು ಅವಳ ಅಮ್ಮ ಸೇರಿಸುತ್ತಿದ್ದರು. ಅಂಥವಳ ದನಿ ಈಗ ಎಲ್ಲಿಯೂ ಇಲ್ಲ.

ಅವಳ ಕೆಲಸ ಗಂಟಲಿನ ವಿಭಾಗದಲ್ಲಿ. ಧ್ವನಿಪೆಟ್ಟಿಗೆ ತೆಗೆಯಬೇಕಾದ ರೋಗಿಗಳನ್ನು ಆಪರೇಷನ್ನಿಗೆ ಮುಂಚೆ ಚಿಕ್ಕದೊಂದು ಕೋಣೆಯಲ್ಲಿ ಕೂರಿಸಿ ಮಾತಾಡಿಸುವುದು, ಆ ಮಾತನ್ನು ಮನೆಯವರಿಗಾಗಿ ರೆಕಾರ್ಡ್ ಮಾಡಿಕೊಡುವುದು. ಕೋಣೆಯ ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿತ್ತು. ಸದ್ದು ಮಾಡುತ್ತದೆಂದು ಬೇಸಿಗೆಯಲ್ಲೂ ಫ್ಯಾನ್ ಹಾಕುತ್ತಿರಲಿಲ್ಲ. ಜೀವ ಕೈಯಲ್ಲಿ ಹಿಡಿದು ಬಂದವರನ್ನು ಆ ಸೆಕೆಯಲ್ಲಿ ಕೂರಿಸಿಕೊಂಡು ಕೆಣಕಿ, ರೇಗಿಸಿ, ನಗಿಸಿ ಕಳಿಸುತ್ತಿದ್ದಳು. ಸಂಜೆ ಕೂತು ರೆಕಾರ್ಡಿನಿಂದ ತನ್ನ ಮಾತನ್ನೆಲ್ಲ ಕತ್ತರಿಸಿ, ಆ ಜಾಗದಲ್ಲಿ ಒಂದು ಉಸಿರಿನಷ್ಟು ಮೌನ ಇಟ್ಟು, ಮೂಲವನ್ನು ಅಳಿಸಿಬಿಡುತ್ತಿದ್ದಳು.

ಅದೇ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ನನ್ನ ಕೆಲಸ. ಒಮ್ಮೆ ಊಟಕ್ಕೆ ಕೂತಾಗ ಕೇಳಿದೆ: "ನಿನ್ನ ಮಾತೂ ಇದ್ರೆ ಗಂಟೇನು ಹೋಗುತ್ತೆ?"

"ಪಾಪ, ಗಂಡನ ದನಿ ಕೇಳೋಣ ಅಂತ ಕೂತಿರ್ತಾರೆ. ಮಧ್ಯೆ ನಾನ್ಯಾಕೆ ಸವತಿ ಥರ?"

ಫೋನಿನಲ್ಲೂ ಅವಳು ಮಾತು ರೆಕಾರ್ಡ್ ಮಾಡಿ ಕಳಿಸಿದವಳಲ್ಲ. ಟೈಪ್ ಮಾಡುತ್ತಿದ್ದಳು, ಕಾಗುಣಿತದ ತಪ್ಪುಗಳ ಸಮೇತ. ಹಾಗಾಗಿ ಅವಳ ದನಿ ಉಳಿದಿದ್ದುದು ಒಂದೇ ಕಡೆ. ಮಾತಾಡಲು ಸಂಕೋಚಪಡುವ ರೋಗಿಗಳಿಂದ ಕತೆ ಓದಿಸುತ್ತಿದ್ದಳು; ಹೇಗೆ ಓದಬೇಕೆಂದು ತೋರಿಸಲು ಅವಳೇ ಓದಿಟ್ಟ ಕೆಲವು ಕತೆಗಳು ಅವಳ ಹಾರ್ಡ್ ಡಿಸ್ಕಿನಲ್ಲಿದ್ದವು. ಆ ಫೋಲ್ಡರಿಗೆ 'ನನ್ನ ವಟವಟ' ಎಂದು ಹೆಸರಿಟ್ಟಿದ್ದಳು.

ಅವಳ ಸ್ಕೂಟರಿಗೆ ಲಾರಿ ಬಡಿದ ಬೆಳಿಗ್ಗೆ ಆ ಡಿಸ್ಕ್ ಅವಳ ಕೈಚೀಲದಲ್ಲಿತ್ತು. ಫೋನ್ ಪುಡಿಯಾಗಿತ್ತು. ಡಿಸ್ಕಿನ ಮೇಲೆ ಒಂದು ಗೀರೂ ಇರಲಿಲ್ಲ. ಅದನ್ನೇ ನಂಬಿ ಅವಳ ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿದ. ಫೋಲ್ಡರುಗಳ ಹೆಸರು ಕಂಡವು, ಯಾವುದೂ ತೆರೆಯಲಿಲ್ಲ. ಒಳಗಿನಿಂದ ಟಕ್ ಟಕ್ ಎಂಬ ಸದ್ದು. ಅಕ್ಕ ಇಟ್ಟ ಹೆಸರು ಕಂಡರೂ ಸಾಕೆನ್ನುವಂತೆ ಅವನು ದಿನವೂ ಸಿಕ್ಕಿಸಿ ನೋಡುತ್ತಿದ್ದ.

ಕೊನೆಗೆ ಡಿಸ್ಕ್ ರಿಪೇರಿಯವನ ಹತ್ತಿರ ಹೋದೆವು: ಅವಳ ಅಮ್ಮ, ತಮ್ಮ, ನಾನು. ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಅಂಗಡಿ. ಅವನು ಡಿಸ್ಕನ್ನು ಚಾಲೂ ಮಾಡಿ ಕಿವಿಗಿಟ್ಟು ಕೇಳಿ, ತಕ್ಷಣ ಆರಿಸಿದ.

"ಇದನ್ನ ಎಷ್ಟು ಸಲ ಹಾಕಿದ್ರಿ?"

"ಸುಮ್ನೆ... ಬರುತ್ತೇನೋ ನೋಡೋಣ ಅಂತ," ಎಂದ ತಮ್ಮ.

"ನೋಡೋಣ ನೋಡೋಣ ಅಂತಾನೇ ಎಲ್ರೂ ಸಾಯಿಸೋದು ಸ್ವಾಮಿ," ಎಂದವನು ಅಮ್ಮನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಆಮೇಲೆ ಮೆತ್ತಗೆ ಹೇಳಿದ: "ಒಳಗೆ ಓದೋ ಮುಳ್ಳಿಗೆ ಏಟು ಬಿದ್ದಿದೆ ಅಮ್ಮಾ. ತಿರುಗಿದಷ್ಟೂ ಗೀರುತ್ತೆ. ಒಳಗಿರೋ ಫೈಲ್‌ಗಳನ್ನ ನಿಧಾನಕ್ಕೆ ಹೊರಗೆ ಎಳೀತೀನಿ, ಎಲ್ಲಿ ನಿಲ್ಲುತ್ತೋ ನನಗೂ ಗೊತ್ತಿಲ್ಲ. ಮೊದಲು ಯಾವುದು ಬೇಕು, ಹೇಳಿ."

ಆಗ ನಾನು ಒಬ್ಬ ಬಡಗಿಯ ವಿಷಯ ಹೇಳಲೇಬೇಕಾಯಿತು. ಅವಳು ರೆಕಾರ್ಡ್ ಮಾಡಿದ ಕೊನೆಯ ರೋಗಿ ಅವರು. ಎಂದಿನಂತೆ ತನ್ನ ಮಾತು ಕತ್ತರಿಸಿಟ್ಟಿದ್ದಳು, ಪೆನ್‌ಡ್ರೈವಿಗೆ ಹಾಕಿಕೊಡುವ ಮೊದಲೇ ಹೋದಳು. ಅವರ ಆಪರೇಷನ್ ಆಗಿಹೋಯಿತು. ಅವರ ಹೆಂಡತಿ ನನ್ನ ಮೇಜಿನ ಮುಂದೆ ನಿಂತು, "ನಮ್ಮನೆಯವರ ಮಾತು ಇಲ್ಲಿದೆಯಂತಲ್ಲಮ್ಮಾ" ಎಂದು ಕೇಳಿದ್ದರು. ಅದೂ ಇದೇ ಡಿಸ್ಕಿನಲ್ಲಿತ್ತು.

"ಅಕ್ಕಂದು ಮೊದಲು," ಎಂದ ತಮ್ಮ. "ಬೇರೆಯವರದ್ದು ಆಮೇಲೆ."

ಅಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅವರದ್ದು ತೆಗಿಯಪ್ಪ ಮೊದಲು."

"ಅಮ್ಮಾ! ಅಕ್ಕಂದು ಬರದೇ ಹೋದ್ರೆ?"

"ಆ ಯಜಮಾನರು ಬದುಕಿದ್ದಾರೆ ಕಣೋ," ಎಂದರು ಅಮ್ಮ.

ಬಡಗಿಯ ಮಾತು ಪೂರ್ತಿ ಬಂತು. 'ನನ್ನ ವಟವಟ' ಎಳೆಯಲು ಶುರುಮಾಡಿದಾಗ ಟಕ್ ಟಕ್ ಹೋಗಿ ಕರಕರ ಎಂದಿತು, ಆಮೇಲೆ ಅದೂ ನಿಂತಿತು. ರಿಪೇರಿಯವನು ಬೇರೆ ಮುಳ್ಳು ತರಿಸಿ ಹಾಕಿದ, ಪ್ರಯೋಜನವಾಗಲಿಲ್ಲ. ಡಿಸ್ಕಿನೊಳಗಿನ ಕನ್ನಡಿಯಂಥ ತಟ್ಟೆಯ ಮೇಲೆ ಉಂಗುರದಂತೆ ಎದ್ದ ಗೀರನ್ನು ನಮಗೆ ತೋರಿಸಿ, ಮುಚ್ಚಳ ಮುಚ್ಚಿ ಕೊಟ್ಟ. ತಮ್ಮ ಅಮ್ಮನೊಡನೆ ಮಾತು ಬಿಟ್ಟ.

ಪೆನ್‌ಡ್ರೈವನ್ನು ತಾನೇ ಕೊಡುತ್ತೇನೆಂದು ಅಮ್ಮ ಹಟ ಹಿಡಿದರು. ನಾನು ಲ್ಯಾಪ್‌ಟಾಪ್ ಹಿಡಿದು ಜೊತೆಗೆ ಹೋದೆ. ಬಡಗಿ ಕತ್ತಿಗೆ ಬಟ್ಟೆ ಸುತ್ತಿಕೊಂಡು ಅರ್ಧ ಮಾಡಿದ ಕಿಟಕಿ ಚೌಕಟ್ಟಿನ ಪಕ್ಕ ಕೂತಿದ್ದರು. ಸುತ್ತ ಮರದ ಹೊಟ್ಟು. ರೆಕಾರ್ಡ್ ಹಾಕಿದೆ.

"ಏ ಹೋಗಮ್ಮ, ನನಗೆಲ್ಲಿ ಹಾಡು ಬರುತ್ತೆ!" ಎಂದಿತು ಗೊಗ್ಗರು ದನಿ. ಒಂದು ಉಸಿರಿನಷ್ಟು ಮೌನ. ಆಮೇಲೆ ಹೊಟ್ಟೆಯಿಂದೆದ್ದ ನಗು.

ಹೆಂಡತಿ ಬಾಯಿಗೆ ಕೈ ಒತ್ತಿಕೊಂಡರು. ಅಮ್ಮ ಮಾತ್ರ ಲ್ಯಾಪ್‌ಟಾಪಿನತ್ತ ಬಗ್ಗಿದ್ದರು.

"ಮಧ್ಯೆ ಏನಂದ್ಳಣ್ಣಾ ನಮ್ಮ ಹುಡುಗಿ?"

ಬಡಗಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಒಂದು ಪ್ಲೈವುಡ್ ಚೂರಿನ ಮೇಲೆ ಬರೆದರು: 'ನೀವು ಹಾಡದಿದ್ರೆ ನಾನು ಹಾಡ್ತೀನಿ, ಆಮೇಲೆ ನಿಮ್ಮ ಕರ್ಮ ಅಂದಳು.'

ಅಮ್ಮ ನಕ್ಕರು. ಮಗಳು ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಮುಂದಿನ ಮೌನ ಬಂದಾಗ ನಿಲ್ಲಿಸಿದೆ, ಬಡಗಿ ಬರೆದರು. ಮತ್ತೆ ನಿಲ್ಲಿಸಿದೆ, ಮತ್ತೆ ಬರೆದರು. ಹಲಗೆ ತುಂಬಿತು, ಮಗುಚಿಕೊಂಡರು.

ಕೊನೆಯ ಹತ್ತಿರ ಒಂದು ಮೌನ, ಅದರ ಬೆನ್ನಿಗೇ ಬಡಗಿಯ ತಗ್ಗಿದ ದನಿ: "ಆಯ್ತಮ್ಮಾ. ಹಾಗೇ ಮಾಡ್ತೀನಿ."

ಅಮ್ಮ ಅವರ ಮುಖ ನೋಡಿದರು. ಪೆನ್ಸಿಲ್ ಹಲಗೆಯ ಮೇಲೆ ನಿಂತಿತ್ತು. ಬಡಗಿ ಕಣ್ಣು ಮುಚ್ಚಿ ಯೋಚಿಸಿದರು. ಆಮೇಲೆ ತಲೆಯಾಡಿಸಿ ಅಮ್ಮನಿಗೆ ಕೈ ಮುಗಿದರು. ನೆನಪಾಗಲಿಲ್ಲ.

"ಇನ್ನೊಂದು ಸಲ ಹಾಕಮ್ಮಾ," ಎಂದರು ಅಮ್ಮ ನನಗೆ.

ಹಾಕಿದೆ. ಆ ಮೌನ ಬಂತು, ಹೋಯಿತು.

"ಇನ್ನೊಂದು ಸಲ."