ಪ್ಲಾಟ್‌ಫಾರಂ ಮೇಲಿನ ಎಡೆ

"ಒಸಿ ಕಾಲು ತೆಗೀರಿ ಸ್ವಾಮಿ, ನಮ್ಮ ಮಾವನ್ ಎದೆ ಮ್ಯಾಲೆ ನಿಂತಿದ್ದೀರ."

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ, ಚನ್ನಪಟ್ಟಣದ ಹತ್ತಿರದ ಪುಟ್ಟ ನಿಲ್ದಾಣವೊಂದರಲ್ಲಿ ಎಂದಿನಂತೆ ರೈಲು ಕಾಯುತ್ತಿದ್ದ ನಾನು ಬೆಚ್ಚಿ ಪಕ್ಕಕ್ಕೆ ಹಾರಿದೆ. ಕಾಲಡಿಯಲ್ಲಿ ಇದ್ದದ್ದು ಸರ್ಕಾರಿ ಕಲ್ಲುಚಪ್ಪಡಿ. ಎದುರಿಗೆ ಬಾಳೆಎಲೆ ಹಿಡಿದ ಹಿರಿಯ ಹೆಂಗಸು. ಜೋಡಿ ಹಳಿ ಬಂದಾಗ ಅವರ ಹೊಲದ ಅಂಚು ರೈಲ್ವೆಗೆ ಹೋಯಿತಂತೆ. ಅಲ್ಲೇ ಮಣ್ಣು ಮಾಡಿದ್ದ ಮಾವನ ಸಮಾಧಿ ಪ್ಲಾಟ್‌ಫಾರಂ ಕೆಳಗೆ ಸೇರಿತಂತೆ. ಹೇಳುತ್ತಲೇ ಎಲೆ ಹಾಸಿ ಮುದ್ದೆ, ಕೋಳಿಸಾರು, ವಡೆ ಬಡಿಸಿದರು.

ನಿಲ್ದಾಣದ ಕೆಲಸಗಾರ ಓಡಿ ಬಂದ. "ಇಲ್ಲೆಲ್ಲ ಎಡೆ ಇಡಂಗಿಲ್ಲ ಕಣವ್ವ, ಎತ್ಕೋ. ರೈಲು ಬತ್ತಾ ಐತೆ, ಜನ ತುಳೀತಾರೆ."

"ನಿಮ್ ಪ್ಲಾಟ್‌ಫಾರಂಗಿಂತ ಮುಂಚೆ ಬಂದು ಮಲಗವ್ರೆ ಕಣಪ್ಪ. ನೀನೇ ಎಬ್ಬಿಸ್ಕೊಂಡ್ ಹೋಗು."

ಅವನು ಒಮ್ಮೆ ಚಪ್ಪಡಿಯನ್ನೂ ಒಮ್ಮೆ ಹಳಿಯನ್ನೂ ನೋಡಿದ. ಅಷ್ಟರಲ್ಲಿ ರೈಲು ಬಂದೇಬಿಟ್ಟಿತು. ಇಳಿದ ಜನ ಇತ್ತಲೇ ನುಗ್ಗಿದರು. ಆಕೆ ಎಲೆಗೆ ಅಡ್ಡಲಾಗಿ ಬಾಗಿ ಕೂತರು. ಆಗ ಆ ಕೆಲಸಗಾರ ಚಪ್ಪಲಿ ಕಳಚಿಟ್ಟು, ಎಲೆಯ ಮುಂದೆ ಎರಡೂ ಕೈ ಚಾಚಿ ನಿಂತು ಕೂಗಿದ:

"ಸುತ್ಕೊಂಡ್ ಹೋಗಿ! ಹಿರೀಕರು ಉಣ್ತಾವ್ರೆ!"

ಯಾರೂ ತುಳಿಯಲಿಲ್ಲ.

ಈ ನಿಲ್ದಾಣದ ಚರಿತ್ರೆಯನ್ನು ಮಹಾರಾಜರ ಕಾಲದಿಂದಲೂ ಒಪ್ಪಿಸಬಲ್ಲೆನೆಂಬ ಘನವಾದ ನಂಬಿಕೆ ನನಗಿತ್ತು. ಅದರಲ್ಲಿ ಹಳಿ, ಇಂಜಿನ್ನು, ಸಾಹೇಬರು ಎಲ್ಲರೂ ಇದ್ದರು. ನೆಲ ಬಿಟ್ಟುಕೊಟ್ಟವರು ಮಾತ್ರ ಇರಲಿಲ್ಲ. ಈಗ ಆ ಜಾಗ ಬಂದರೆ ನಾನಾಗಿಯೇ ಸುತ್ತಿಕೊಂಡು ನಡೆಯುತ್ತೇನೆ. ಹಿಂದೆ ಬರುವವರೂ, ಕಾರಣ ಕೇಳದೆ, ಸುತ್ತಿಕೊಂಡೇ ಬರುತ್ತಾರೆ.